ಕಾಲೋನಿ ಗೋಡೆಗೆ ಫೋಟೋ ಸಾಕಾ, ಚಿತ್ರ ಬೇಕಾ?

ಬಣ್ಣದಡಬ್ಬಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ಊರು ಹರಿಹರದ ಹತ್ತಿರ. ನಮ್ಮೂರ ಎ.ಕೆ. ಕಾಲೋನಿಯ (ದಲಿತರ ಕೇರಿಯ) ಸಮುದಾಯ ಭವನಕ್ಕೆ ಈಗಷ್ಟೇ ಪ್ಲಾಸ್ಟರಿಂಗ್ ಆಗಿದೆ. ರಸ್ತೆ ಕಡೆಯ ಗೋಡೆ ಖಾಲಿ ಇದೆ. ಸುಮಾರು 20 ಅಡಿ ಉದ್ದ, 10 ಅಡಿ ಎತ್ತರ. ಏಪ್ರಿಲ್ 14ರ ಒಳಗೆ ಅದರ ಮೇಲೆ ಏನಾದರೂ ಬಿಡಿಸು ಅಂತ ಎಲ್ಲರೂ ಬೆನ್ನುಬಿದ್ದಿದ್ದಾರೆ.

ಏನು ಬಿಡಿಸಬೇಕು ಅನ್ನೋದೇ ಜಗಳ. ಬಾಬಾಸಾಹೇಬರ ಫೋಟೋ ನೋಡಿಕೊಂಡು ಹಾಗೇ ಬಿಡಿಸು, ನೀಲಿ ಕೋಟು, ಕೈಯಲ್ಲಿ ಸಂವಿಧಾನ, ಅಷ್ಟು ಸಾಕು ಅನ್ನುತ್ತಾರೆ ಹಿರಿಯರು. ಹುಡುಗರು ಅಮೆರಿಕದ ಕಪ್ಪು ಜನರ ಗೋಡೆ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿಬಿಟ್ಟಿದ್ದಾರೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತಾಗ ಮಿನಿಯಾಪೊಲಿಸ್‌ನಲ್ಲಿ ಅಂಗಡಿ ಗೋಡೆ ಮೇಲೆ ಬಿಡಿಸಿದರಲ್ಲ, ಆ ಥರ ಬೇಕಂತೆ. ಅಂಬೇಡ್ಕರ್ ಪಕ್ಕ ಮಾರ್ಟಿನ್ ಲೂಥರ್ ಕಿಂಗ್ ಬರಲೇಬೇಕಂತೆ.

ನನ್ನ ತಲೆಯಲ್ಲಿ ಬೇರೆಯೇ ಇದೆ. ಭವನದ ಎದುರಿಗೇ ಒಂದು ಟೀ ಹೋಟೆಲ್. ಅಲ್ಲಿ ಊರಿನವರಿಗೆ ಗಾಜಿನ ಲೋಟ, ಕಾಲೋನಿಯವರಿಗೆ ಪೇಪರ್ ಕಪ್. ಕೇಳಿದರೆ ‘ಲೋಟ ತೊಳೆಯೋಕೆ ಆಳಿಲ್ಲ’ ಅನ್ನುತ್ತಾರೆ. ಆ ಲೋಟ, ಆ ಕಪ್ ಎರಡನ್ನೂ ಅಕ್ಕಪಕ್ಕ ಆಳೆತ್ತರಕ್ಕೆ ಬಿಡಿಸಿದರೆ ಹೇಗೆ?

ಇಂಥ ಚಿತ್ರದಿಂದ ಎಲ್ಲಾದರೂ ಏನಾದರೂ ಆಗಿದೆಯಾ? ಗೊತ್ತಿದ್ದವರು ಹೇಳಿ. ಊರಿನ ಹೆಸರು, ಹೋಟೆಲ್ ಹೆಸರು ಬೇಕಂತಲೇ ಹಾಕಿಲ್ಲ.

ಸುಮ್ನೆಕೇಳ್ದೆ, ದಾವಣಗೆರೆ:

ಬೇಜಾರು ಮಾಡ್ಕೋಬೇಡ ತಮ್ಮಾ. ಚಿತ್ರ ನೋಡಿ ಯಾರೂ ಬದಲಾಗಲ್ಲ. 2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಇಟ್ಟರು. ಮೂಲ ಜಗಳ ಏನು? ಕಟಿಂಗ್ ಶಾಪಿಗೆ, ಹೋಟೆಲಿಗೆ ಬಿಡೋದಿಲ್ಲ ಅಂತ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕೇಸು ಹೈಕೋರ್ಟಿಗೆ ಹೋಯಿತು, ಅದು ಬೇರೆ ಮಾತು. ಆದರೆ ಊರೂರಲ್ಲಿ ಜನ ಆ ತೀರ್ಪಿನ ಬಗ್ಗೆ ಮಾತಾಡಿದರು, ಹೆದರಿದರು. ಯಾವ ಗೋಡೆ ಚಿತ್ರಕ್ಕೆ ಹೀಗೆ ಹೆದರಿದ್ದಾರೆ ಹೇಳು?

ಪೇಂಟಿಗೆ ಹಾಕೋ ದುಡ್ಡಲ್ಲಿ ಹುಡುಗರಿಗೆ ಒಂದಷ್ಟು ಪುಸ್ತಕ ತಗೊಡಿ.

ದುರ್ಗದಮೇಷ್ಟ್ರು, ಚಿತ್ರದುರ್ಗ:

ನಾನು ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವನು. ಈ ವಿಷಯ ಬಂದರೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಹುಡುಗರು ನೋಡಿದ ಗೋಡೆ ಚಿತ್ರಗಳಿಗೆಲ್ಲ ಒಂದು ದೊಡ್ಡಮ್ಮ ಇದ್ದಾಳೆ. 1967ರಲ್ಲಿ ಶಿಕಾಗೊ ನಗರದ ದಕ್ಷಿಣಕ್ಕೆ, ಕಪ್ಪು ಜನರ ಬಡ ಬಡಾವಣೆಯಲ್ಲಿ, 43ನೇ ಬೀದಿಯ ಒಂದು ಹಳೇ ಕಟ್ಟಡದ ಮೇಲೆ ಕಪ್ಪು ಕಲಾವಿದರ ತಂಡವೊಂದು ಬಿಡಿಸಿದ ಚಿತ್ರ ಅದು. ‘ಗೌರವದ ಗೋಡೆ’ ಅಂತ ಕರೆದರು. ಸುಮಾರು 50 ಜನರ ಮುಖ. ಬಾಕ್ಸರ್ ಮುಹಮ್ಮದ್ ಅಲಿ, ಹೋರಾಟಗಾರ ಮಾಲ್ಕಮ್ ಎಕ್ಸ್, ಚಿಂತಕ ಡುಬೋಯಿಸ್, ಹಾಡುಗಾರ್ತಿ ನೀನಾ ಸಿಮೋನ್, ಬ್ಯಾಸ್ಕೆಟ್‌ಬಾಲ್ ಆಟಗಾರರು. ಆ ಕಾಲಕ್ಕೆ ಶಾಲೆ ಪುಸ್ತಕದಲ್ಲಿ, ಜಾಹೀರಾತಿನಲ್ಲಿ ಇವರ ಮುಖ ಕಾಣುತ್ತಿದ್ದದ್ದೇ ಅಪರೂಪ. ಮ್ಯೂಸಿಯಂ ಬಾಗಿಲು ತುಳಿಯದ ಜನ ತಮ್ಮ ಬೀದಿಯಲ್ಲೇ ತಮ್ಮವರನ್ನು ನೋಡಿದರು. ಆಮೇಲೆ ಅಮೆರಿಕದ ಎಷ್ಟೋ ಊರುಗಳಲ್ಲಿ ಅಂಥ ಗೋಡೆಗಳು ಎದ್ದವು.

ಒಂದು ವಿಷಯ ಹುಡುಗರಿಗೆ ಹೇಳಿ. ಆ ಗೋಡೆ ಮೇಲೆ ಕಿಂಗ್ ಇರಲಿಲ್ಲ! ಆಗ ಬದುಕಿದ್ದರು, ದೊಡ್ಡ ಹೆಸರಿತ್ತು. ಆದರೂ ಬೇಡ ಅಂತಲೇ ಬಿಟ್ಟರು. ಯಾರು ಬರಬೇಕು, ಯಾರು ಬೇಡ ಅಂತ ಕೂತು ಮಾತಾಡಿದ್ದರು. ಬೀದಿಯವರನ್ನೂ ಕೇಳಿದ್ದರು.

ಎಲ್ಲ ಚೆಂದವಾಗೇ ನಡೆಯಿತು ಅಂದುಕೊಳ್ಳಬೇಡಿ. ಒಬ್ಬ ಕಲಾವಿದ ಬಿಡಿಸಿದ ಭಾಗಕ್ಕೆ ತಂಡದವರೇ ಬಿಳಿ ಬಣ್ಣ ಬಳಿದು ಬೇರೆಯವರ ಕೈಲಿ ಬಿಡಿಸಿದರು. ಅದಕ್ಕೇ ಮನಸ್ತಾಪವಾಯಿತು. 1971ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು, ಆಮೇಲೆ ಕೆಡವಿದರು. ಈಗ ಅದರ ಫೋಟೋ ಮಾತ್ರ ಇವೆ.

ಸಂವಿಧಾನ ಹಿಡಿದ ಫೋಟೋ ಬೇಕು ಅಂದ ಹಿರಿಯರದ್ದು ತಪ್ಪೇನಿಲ್ಲ. ಆದರೆ ಕಾಲೋನಿಯಲ್ಲಿ ಎಲ್ಲರನ್ನೂ ಕೇಳಿದಿರಾ? ಹೆಣ್ಣುಮಕ್ಕಳನ್ನು ಕೇಳಿದಿರಾ?

ಗುಮಾಸ್ತ, ದಾವಣಗೆರೆ:

ವಕೀಲರ ಆಫೀಸಲ್ಲಿ ಕೆಲಸ ಮಾಡುವವನು ನಾನು. ‘ಸುಮ್ನೆಕೇಳ್ದೆ’ ಅಣ್ಣನಿಗೆ ಒಂದು ಮಾತು. ಕಾನೂನು ಬೇರೆ, ಕಲೆ ಬೇರೆ ಅಂತ ಯಾಕೆ ಅಂದುಕೊಳ್ಳಬೇಕು?

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ 2018ರಲ್ಲಿ ಒಂದು ಸ್ಮಾರಕ ಶುರುವಾಯಿತು. ಗುಂಪು ಸೇರಿ ಕಪ್ಪು ಜನರನ್ನು ಹಿಡಿದು ನೇಣು ಹಾಕುತ್ತಿದ್ದರಲ್ಲ, ಅವರ ನೆನಪಿಗೆ. ಕಟ್ಟಿಸಿದ್ದು ಯಾರು? ವಕೀಲರ ಸಂಸ್ಥೆ. ಬ್ರಯಾನ್ ಸ್ಟೀವನ್‌ಸನ್ ಅನ್ನುವ ವಕೀಲರು, ಗಲ್ಲು ಶಿಕ್ಷೆಯಾದವರ ಪರ ವಾದಿಸಿ ಬಂದವರು. 800ಕ್ಕೂ ಜಾಸ್ತಿ ಉಕ್ಕಿನ ಕಂಬಗಳು. ಒಂದೊಂದು ಜಿಲ್ಲೆಗೆ ಒಂದೊಂದು. ಮೇಲೆ ಸತ್ತವರ ಹೆಸರು, ತಾರೀಖು. ಮೊದಲು ಕಂಬಗಳು ನೆಲದ ಮೇಲೆ ನಿಂತಿರುತ್ತವೆ. ನೀವು ನಡೆಯುತ್ತಾ ಹೋದ ಹಾಗೆ ನೆಲ ಇಳಿಯುತ್ತದೆ, ಕಂಬಗಳು ತಲೆ ಮೇಲೆ ತೂಗುತ್ತವೆ. ಹೊರಗಡೆ ಅದೇ ಥರದ ಇನ್ನೊಂದು ಸೆಟ್ ಕಂಬ ಮಲಗಿಸಿದ್ದಾರೆ. ನಿಮ್ಮ ಜಿಲ್ಲೆಯದ್ದನ್ನು ನೀವೇ ತಗೊಂಡು ಹೋಗಿ ನಿಮ್ಮೂರಲ್ಲಿ ನಿಲ್ಲಿಸಿ ಅಂತ. ಅಲ್ಲೇ ಬಿದ್ದಿದ್ದರೆ ಆ ಜಿಲ್ಲೆ ಇನ್ನೂ ಒಪ್ಪಿಕೊಂಡಿಲ್ಲ ಅಂತ ಎಲ್ಲರಿಗೂ ಕಾಣುತ್ತದೆ.

ನಮ್ಮಲ್ಲಿ ಕಂಬಾಲಪಲ್ಲಿ ಆಯಿತು, 2000ನೇ ಇಸವಿ. ಏಳು ಜನ ದಲಿತರನ್ನು ಸುಟ್ಟರು. ಕೇಸಿನ ಆರೋಪಿಗಳು ಖುಲಾಸೆ ಆದರು. ಕೋರ್ಟು ಕೈಬಿಟ್ಟ ಮೇಲೆ ಆ ಏಳು ಹೆಸರು ಎಲ್ಲಿ ಉಳಿಯಬೇಕು ಅಣ್ಣಾ?

ಸುಮ್ನೆಕೇಳ್ದೆ, ದಾವಣಗೆರೆ:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಅಮೆರಿಕದಲ್ಲಿ ದುಡ್ಡಿದೆ, ಉಕ್ಕಿದೆ. ಇಲ್ಲಿ ಬಣ್ಣದ ಡಬ್ಬಿಗೇ ಚಂದಾ ಎತ್ತಬೇಕು.

ದುರ್ಗದಮೇಷ್ಟ್ರು, ಚಿತ್ರದುರ್ಗ:

ದುಡ್ಡಿಲ್ಲದೆ ಮಾಡಿದವರೂ ಇದ್ದಾರೆ. ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಪತ್ರಿಕೆಗೆ ಚಿತ್ರ ಬಿಡಿಸುತ್ತಿದ್ದವರು ಎಮೊರಿ ಡಗ್ಲಸ್. ಹುಡುಗನಾಗಿದ್ದಾಗ ಬಾಲಾಪರಾಧಿಗಳ ಮನೆಯ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ ಕಲಿತವರು. ಪತ್ರಿಕೆಗೆ ದುಡ್ಡಿಲ್ಲ, ಕಪ್ಪಿನ ಜೊತೆ ಇನ್ನೊಂದು ಬಣ್ಣ ಸಿಕ್ಕರೆ ದೊಡ್ಡದು. ಅದಕ್ಕೇ ದಪ್ಪ ದಪ್ಪ ಗೆರೆ ಹಾಕಿದರು. ಮರ ಕೆತ್ತಿ ಅಚ್ಚು ಹಾಕಿದ ಹಾಗೆ ಕಾಣುತ್ತದೆ. ಚಿತ್ರದಲ್ಲಿ ಇದ್ದವರು ಯಾರು? ಬಾಡಿಗೆ ಮನೆಯ ಅಜ್ಜಿ, ಮಗು ಎತ್ತಿಕೊಂಡ ತಾಯಿ, ಇಲಿ ಕಾಟದ ಮನೆ. ಓದು ಬಾರದವರಿಗೂ ಅರ್ಥವಾಗುತ್ತಿತ್ತು. ಆ ಪಕ್ಷದ ಹೆಸರು ನೋಡಿಯೇ 1972ರಲ್ಲಿ ಮುಂಬೈನಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದು.

ನಮ್ಮ ಕಡೆ ದಲಿತ ಸಂಘರ್ಷ ಸಮಿತಿ, ಅಂದರೆ ಡಿಎಸ್‌ಎಸ್‌ನವರು ಗೋಡೆ ಬರಹ ಬರೆಯುತ್ತಿದ್ದಾಗ ಏನಿತ್ತು? ಸುಣ್ಣ, ಬಟ್ಟೆಗೆ ಹಾಕುವ ನೀಲಿ, ಕೆಮ್ಮಣ್ಣು. ತೆಂಗಿನ ನಾರು ಜಜ್ಜಿ ಬ್ರಷ್ ಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲೇ ಊರೆಲ್ಲ ಓದುವ ಹಾಗೆ ಬರೆದರು.

ಅಂದಹಾಗೆ ತಮ್ಮಾ, ಡಿಎಸ್‌ಎಸ್ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಿಮ್ಮ ಹರಿಹರದವರೇ. 1938ರಲ್ಲಿ ಅಲ್ಲೇ ಹುಟ್ಟಿದ್ದು. ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡುತ್ತಾ ಸಂಘಟನೆ ಕಟ್ಟಿದರು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದು, ಅದಕ್ಕೆ ರಾಜ್ಯವೆಲ್ಲ ಗಲಾಟೆಯಾಗಿ, ಮಂತ್ರಿಗಿರಿ ಬಿಟ್ಟರಲ್ಲ, ಆ ಬಿಸಿಯಲ್ಲೇ ಈ ಚಳವಳಿ ಬೆಳೆದದ್ದು. ಕಿಂಗ್‌ಗೆ ಜಾಗ ಹುಡುಕುವ ಮೊದಲು ಕೃಷ್ಣಪ್ಪನವರಿಗೆ ಜಾಗ ಮಾಡಿ.

ಊರಿನಹುಡ್ಗ, ಬೆಂಗಳೂರು:

ಎಲ್ಲದಕ್ಕೂ ಜಾತಿ ಯಾಕೆ ತರ್ತೀರಾ? ಕಲೆಗೆ ಜಾತಿ ಇಲ್ಲ. ಹೂವು, ನವಿಲು, ಕೋಟೆ ಬಿಡಿಸಿ, ಚೆನ್ನಾಗಿರುತ್ತೆ.

ಜಗಳೂರುಹಲಗೆ, ಜಗಳೂರು:

ಕಲೆಗೆ ಜಾತಿ ಇಲ್ವಾ ಸಾರ್? ನಮ್ಮಪ್ಪ ಹಲಗೆ, ಅಂದ್ರೆ ತಮಟೆ, ಬಡಿಯೋರು. ನಾನೂ ಬಡೀತೀನಿ. ಜಾತ್ರೆಗೆ ಕರೀತಾರೆ, ಹೆಣಕ್ಕೆ ಕರೀತಾರೆ, ಈಗ ಎಲೆಕ್ಷನ್ನಿಗೂ ಕರೀತಾರೆ. ತೇರಿನ ಮುಂದೆ ಬಡಿಯೋದು ನಾವು, ಗುಡಿ ಮೆಟ್ಟಿಲ ಹತ್ತಿರ ನಿಲ್ಲೋದೂ ನಾವೇ. ನವಿಲು ಬಿಡಿಸಿ ಪಾಪ, ನವಿಲನ್ನ ಯಾರೂ ಹೊರಗೆ ನಿಲ್ಸಲ್ಲ.

ಬಣ್ಣದಡಬ್ಬಿ ತಮ್ಮಾ, ಗೋಡೆ ಮೇಲೆ ಹಲಗೆ ಬಿಡಿಸ್ತೀಯಾ ಅಲ್ವಾ? ಎಲ್ರೂ ಬಿಡಿಸ್ತಾರೆ. ಆದ್ರೆ ಹಲಗೆ ಬಡಿಯೋನ ಎಡಗೈ ನೋಡಿದ್ದೀಯಾ? ಬಲಗೈ ದಪ್ಪ ಕೋಲು ಜೋರು ಪೆಟ್ಟು ಕೊಡುತ್ತೆ. ಎಡಗೈಲಿ ತೆಳ್ಳನೆ ಕಡ್ಡಿ ಇರುತ್ತೆ. ಚೌಕಟ್ಟನ್ನ ಎಡ ಎದೆಗೆ ಒತ್ತಿಕೊಂಡು, ಅದೇ ಕೈಯ ಬೆರಳಲ್ಲೇ ಕಡ್ಡಿ ಆಡಿಸ್ತೀವಿ. ಬಡಿಯೋಕೆ ಮುಂಚೆ ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಬೇಕು. ಜಾಸ್ತಿ ಕಾದ್ರೆ ಸೀಳುತ್ತೆ, ಕಮ್ಮಿ ಆದ್ರೆ ದೊಬ್ ದೊಬ್ ಅನ್ನುತ್ತೆ. ಬೆರಳಲ್ಲಿ ತಟ್ಟಿ ತಟ್ಟಿ ನೋಡ್ತೀವಿ. ಪೋಸ್ಟರಲ್ಲಿ ಬಿಡಿಸೋರು ಎರಡೂ ಕೈಯಲ್ಲಿ ಒಂದೇ ಥರ ದಪ್ಪ ಕೋಲು ಕೊಟ್ಟಿರ್ತಾರೆ.

ಇನ್ನೊಂದು. ನಮ್ಮ ಜನರಲ್ಲೇ ಹಲಗೆ ಬಿಟ್ಟುಬಿಡಿ ಅಂದೋರು ಇದ್ರು. ಅದು ಬಿಟ್ಟಿ ಚಾಕರಿ, ಹೆಣದ ಮುಂದೆ ಬಡಿಯೋದು ಅವಮಾನ ಅಂತ. ನಮ್ಮಪ್ಪಾನೂ ಕೆಲವು ವರ್ಷ ಅಟ್ಟದ ಮೇಲೆ ಹಾಕಿದ್ರು. ಅದೇ ಹಲಗೆ ಆಮೇಲೆ ಜಾಥಾದಲ್ಲಿ ಬಂತು, ಹೋರಾಟದ ಹಾಡಿಗೆ ಬಂತು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಮುನಿವೆಂಕಟಪ್ಪನವರಿಗೆ ತಮಟೆಗೆ ಪದ್ಮಶ್ರೀ ಕೊಟ್ರು. ನಮಗೆ ಖುಷಿ. ಆದ್ರೆ ನಮ್ಮ ಕಡೆ ಡಿಜೆಗೆ ಕೊಡೋ ದುಡ್ಡಿನ ಕಾಲು ಭಾಗನೂ ಹಲಗೆಗೆ ಕೊಡಲ್ಲ. ಊಟಾನೂ ಕೊನೇ ಪಂಕ್ತಿ.

ದುರ್ಗದಮೇಷ್ಟ್ರು, ಚಿತ್ರದುರ್ಗ:

ಎಡಗೈ ಕಡ್ಡಿಯ ವಿಷಯ ಯಾವ ಕಲಾ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ತಮ್ಮಾ, ಈ ಅಣ್ಣನನ್ನು ಕೂರಿಸಿ ಸ್ಕೆಚ್ ಮಾಡು. ಸುಮ್ನೆ ಅಲ್ಲ, ಕೂತ ದಿನಕ್ಕೆ ಕೂಲಿ ಕೊಟ್ಟು.

ಕೇಳುವ ಜನ ಹೇಗೆ ಕೂತಿರುತ್ತಾರೆ ಅನ್ನೋದೂ ಮುಖ್ಯ. ಅಮೆರಿಕದ ಕಪ್ಪು ಹಾಡುಗಾರ್ತಿ ಬಿಲ್ಲಿ ಹಾಲಿಡೆ 1939ರಲ್ಲಿ ನೇಣಿಗೆ ಹಾಕಿದ ಕಪ್ಪು ಜನರ ಮೇಲೆ ಒಂದು ಹಾಡು ಹಾಡಿದಳು. ಅವಳ ದೊಡ್ಡ ರೆಕಾರ್ಡ್ ಕಂಪನಿ ಅದನ್ನು ಮುದ್ರಿಸಲು ಒಪ್ಪಲಿಲ್ಲ, ಸಣ್ಣ ಕಂಪನಿಯಲ್ಲಿ ಮುದ್ರಿಸಿದಳು. ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಅದು ಅವಳ ಕೊನೆಯ ಹಾಡು. ಆ ಹಾಡು ಶುರುವಾಗುವ ಮುಂಚೆ ಸಪ್ಲೈಯರ್‌ಗಳು ಕೆಲಸ ನಿಲ್ಲಿಸಬೇಕು. ದೀಪವೆಲ್ಲ ಆರಿಸಿ ಅವಳ ಮುಖಕ್ಕೆ ಮಾತ್ರ ಒಂದು ಬೆಳಕು. ಮುಗಿದ ಮೇಲೆ ಮತ್ತೆ ವೇದಿಕೆಗೆ ಬರುತ್ತಿರಲಿಲ್ಲ. ಕುಡಿಯುತ್ತಾ ತಿನ್ನುತ್ತಾ ಕೇಳುವ ಹಾಡು ಅದಲ್ಲ ಅಂತ ಮೊದಲೇ ಗೊತ್ತುಮಾಡಿಕೊಂಡಿದ್ದರು.

ಹಲಗೆಗೂ ಅಷ್ಟು ಮಾಡೋಣ. ಮೆರವಣಿಗೆಯ ಗದ್ದಲಕ್ಕೆ ಬೇಡ. ಜನ ಕೂತಿರಲಿ, ಅವರು ವೇದಿಕೆ ಮೇಲಿರಲಿ.

ನಿರ್ವಾಹಕರು:

ಒಂದು ಕಾಮೆಂಟ್ ತೆಗೆದಿದ್ದೇವೆ. ಮೀಸಲಾತಿ ಜಗಳಕ್ಕೆ ಬೇರೆ ಕಡೆ ಹೋಗಿ.

ಯಲ್ಲಾಪುರದಕೌದಿ, ದಾವಣಗೆರೆ:

ಎಲ್ಲ ಓದಿದೆ. ನಾನೂ ಒಂದು ಹೇಳಬಹುದಾ? ನಾನು ಸಿದ್ದಿ. ಊರು ಯಲ್ಲಾಪುರದ ಕಡೆ. ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ದಾವಣಗೆರೆಯಲ್ಲಿ ಆಟೋ ಹತ್ತಿದರೆ ಇವತ್ತಿಗೂ ‘ಮೇಡಂ, ಯಾವ ಕಂಟ್ರಿ?’ ಅಂತ ಕೇಳುತ್ತಾರೆ. ನಾನು ಕನ್ನಡದಲ್ಲಿ ‘ಹಳೇ ಬಸ್ ಸ್ಟ್ಯಾಂಡಿಗೆ ಎಷ್ಟು?’ ಅಂದರೆ ತಿರುಗಿ ನೋಡಿ ನಗುತ್ತಾರೆ. ಗೋವಾದ ಪೋರ್ಚುಗೀಸರು ಗುಲಾಮರಾಗಿ ತಂದ ಆಫ್ರಿಕದವರ ಮಕ್ಕಳು ಮೊಮ್ಮಕ್ಕಳು ನಾವು. ಎಷ್ಟೋ ತಲೆಮಾರಾಯಿತು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ನೀವು ಅಮೆರಿಕದ ಕಪ್ಪು ಜನರ ಬಗ್ಗೆ ಇಷ್ಟು ಮಾತಾಡುತ್ತಿದ್ದೀರಿ, ನಮ್ಮದೇ ರಾಜ್ಯದವರ ನೆನಪು ಯಾರಿಗೂ ಬರಲಿಲ್ಲ. ಜಗಳಕ್ಕೆ ಹೇಳುತ್ತಿಲ್ಲ.

ನಾನು ಕೇಳಬೇಕು ಅಂದುಕೊಂಡಿದ್ದು ಬೇರೆ. ತಮ್ಮಾ, ಮೈಬಣ್ಣ ಹೇಗೆ ಬಿಡಿಸ್ತೀಯಾ? ಅಂಬೇಡ್ಕರ್ ಅವರನ್ನು ಕ್ಯಾಲೆಂಡರಿನಲ್ಲಿ ಗುಲಾಬಿ ಬಣ್ಣಕ್ಕೆ ತಂದಿದ್ದಾರೆ. ಫ್ಲೆಕ್ಸ್‌ಗಳಲ್ಲಿ ನಿಮ್ಮ ದುರ್ಗದ ಓಬವ್ವನೂ ಸಿನಿಮಾ ಹೀರೋಯಿನ್ ಥರ ಬೆಳ್ಳಗೆ. ಕೋಟೆ ಕಾಯುವ ಕಹಳೆಯವನ ಹೆಂಡತಿ, ಛಲವಾದಿಗಳ ಹೆಣ್ಣುಮಗಳು, ಒನಕೆ ಹಿಡಿದು ಕುಟ್ಟಿದ ಕೈ. ಬಿಸಿಲು ಬೀಳದ ಮೈ ಎಲ್ಲಿಂದ ಬಂತು? ನಮ್ಮ ಮಕ್ಕಳು ಡ್ರಾಯಿಂಗ್ ಪುಸ್ತಕದಲ್ಲಿ ತಮ್ಮ ಅಮ್ಮನಿಗೆ ‘ಸ್ಕಿನ್ ಕಲರ್’ ಕ್ರೇಯಾನ್ ಹಚ್ಚುತ್ತಾರೆ. ಆ ಕಡ್ಡಿಯ ಬಣ್ಣ ಯಾರ ಮೈಯಲ್ಲಿದೆಯೋ ನನಗಂತೂ ಗೊತ್ತಿಲ್ಲ.

ಬಣ್ಣದಡಬ್ಬಿ, ದಾವಣಗೆರೆ:

ಅಕ್ಕಾ, ನೀವು ಕೇಳಿದ್ದು ಸರಿಯಾಗಿ ನಾಟಿತು. ನಮಗೆ ಪೋರ್ಟ್ರೇಟ್ ಕಲಿಸುವಾಗ ಹೈಲೈಟಿಗೆ ಬಿಳಿ, ನೆರಳಿಗೆ ಕಂದು ಅಂತ ಹೇಳಿಕೊಡುತ್ತಾರೆ. ಕಪ್ಪು ಮೈಗೆ ಬಿಳಿ ಬೆರೆಸಿದರೆ ಬೂದಿ ಬಳಿದ ಹಾಗೆ ಆಗುತ್ತದೆ.

ದುರ್ಗದಮೇಷ್ಟ್ರು, ಚಿತ್ರದುರ್ಗ:

ಬಿಳಿ ಮುಟ್ಟಲೇಬೇಡ. ಹೈಲೈಟಿಗೆ ನೀಲಿ ಇಲ್ಲವೇ ಕೆಂಪು-ಹಳದಿ ತಗೋ. ಬೆಳಕು ಎಲ್ಲಿಂದ ಬೀಳುತ್ತಿದೆ ನೋಡಿಕೊಂಡು. ನೆರಳಿಗೆ ಬರ್ನ್ಟ್ ಅಂಬರ್ (ಗಾಢ ಕಂದು) ಜೊತೆ ಅಲ್ಟ್ರಾಮರೀನ್ (ಕಡು ನೀಲಿ).

ಕೆರಿ ಜೇಮ್ಸ್ ಮಾರ್ಷಲ್ ಅಂತ ಅಮೆರಿಕದ ಕಲಾವಿದ, 1955ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದವರು. ಅವರ ಚಿತ್ರದ ಜನರೆಲ್ಲ ಕಪ್ಪು, ಕಂದು ಕೂಡ ಅಲ್ಲ, ನಿಜವಾದ ಕಪ್ಪು. ಐವರಿ ಬ್ಲ್ಯಾಕ್, ಕಾರ್ಬನ್ ಬ್ಲ್ಯಾಕ್, ಮಾರ್ಸ್ ಬ್ಲ್ಯಾಕ್ ಮೂರನ್ನೂ ಬೇರೆ ಬೇರೆಯಾಗಿ ಬಳಸುತ್ತಾರೆ. ಒಂದು ಸ್ವಲ್ಪ ಕೆಂಪಗೆ, ಒಂದು ಸ್ವಲ್ಪ ನೀಲಿಗೆ ವಾಲುತ್ತದೆ. ಕಪ್ಪಿನೊಳಗೇ ಮೂಗು, ತುಟಿ, ಕೆನ್ನೆ ಎದ್ದು ಕಾಣುತ್ತದೆ. ಆ ಜನ ಮಾಡುವುದೇನು? ಕಟಿಂಗ್ ಶಾಪಿನಲ್ಲಿ ಕೂತಿರುತ್ತಾರೆ, ಪಿಕ್ನಿಕ್ಕಿಗೆ ಹೋಗಿರುತ್ತಾರೆ. ದೊಡ್ಡ ದೊಡ್ಡ ಮ್ಯೂಸಿಯಂಗಳ ಗೋಡೆಯಲ್ಲಿ ಬರೀ ಬಿಳಿಯರನ್ನೇ ನೋಡಿ ಬೆಳೆದೆ, ಅಲ್ಲಿ ನಮ್ಮವರಿರಬೇಕು ಅನ್ನೋದು ಅವರ ಹಟ. ನನಗೆ ಮುಷ್ಟಿ ಎತ್ತಿದ ಹತ್ತು ಪೋಸ್ಟರ್‌ಗಿಂತ ಈ ಪಿಕ್ನಿಕ್ ದೊಡ್ಡದು ಅನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಬಹುದು.

ಸುಮ್ನೆಕೇಳ್ದೆ, ದಾವಣಗೆರೆ:

ಅಕ್ಕಾ, ನಿಮ್ಮ ಹೆಸರಲ್ಲಿ ಕೌದಿ ಯಾಕೆ ಬಂತು?

ಯಲ್ಲಾಪುರದಕೌದಿ, ದಾವಣಗೆರೆ:

ನಮ್ಮ ಅಜ್ಜಿ ಹೊಲಿಯೋರು, ನಾನೂ ಹೊಲೀತೀನಿ. ನಿಮ್ಮ ಕಡೆಯೂ ಕೌದಿ ಇದೆ. ನಮ್ಮದು ಅಂಚಿನ ಮೂಲೆಯಿಂದ ಶುರು. ಹಳೇ ಸೀರೆ, ಅಂಗಿ ಚೂರು ಇಟ್ಟು ಸುತ್ತ ಹೊಲಿಯುತ್ತಾ ಹೊಲಿಯುತ್ತಾ ನಡುವಿಗೆ ಬರುತ್ತೇವೆ. ಮುಗಿದ ಮೇಲೆ ನಾಲ್ಕು ಮೂಲೆಗೆ ಮಡಚಿದ ಮುಕ್ಕೋನದ ಚೂರು ಹೊಲಿಯಬೇಕು. ಫೂಲ ಅನ್ನುತ್ತೇವೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅಜ್ಜಿ ಬೈಯೋರು. ಈಗ ನಮ್ಮ ಕೌದಿಗಳು ಅಮೆರಿಕದ ಗ್ಯಾಲರಿಗೂ ಹೋಗಿವೆ.

ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಊರಿದೆ. ನದಿ ಮೂರು ಕಡೆ ಸುತ್ತಿಕೊಂಡಿದೆ. ಅಲ್ಲಿಯ ಕಪ್ಪು ಹೆಣ್ಣುಮಕ್ಕಳೂ ಹಳೇ ಪ್ಯಾಂಟು, ಗೋಣಿ ಚೂರು ಸೇರಿಸಿ ಕೌದಿ ಹೊಲಿಯುತ್ತಿದ್ದರು. 1960ರ ದಶಕದಲ್ಲಿ ಓಟಿಗೆ ಹೆಸರು ಬರೆಸಲು ನದಿ ದಾಟಿ ಹೋಗುತ್ತಾರೆ ಅಂತ ದೋಣಿಯನ್ನೇ ನಿಲ್ಲಿಸಿಬಿಟ್ಟರು. ಮತ್ತೆ ಬಂದದ್ದು 2006ರಲ್ಲಿ! ಆ ಹೆಂಗಸರು 1966ರಲ್ಲಿ ಹೊಲಿಗೆ ಸಹಕಾರ ಸಂಘ ಸೇರಿ ನಾಲ್ಕು ಕಾಸು ನೋಡಿದರು. 2002ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಮ್ಯೂಸಿಯಂಗೆ ಬಂದವು, ಪೇಪರಿನವರೆಲ್ಲ ಹೊಗಳಿದರು. ಆಮೇಲೆ ನಮಗೆ ಬರಬೇಕಾದ ದುಡ್ಡು ಬಂದಿಲ್ಲ ಅಂತ ಕೆಲವರು ಕೋರ್ಟಿಗೂ ಹೋದರು. ಹೊಗಳಿಕೆ ಬರುವಾಗ ಲೆಕ್ಕದ ಪುಸ್ತಕ ಯಾರ ಕೈಲಿದೆ ನೋಡಿಕೊಳ್ಳಿ. ಜಗಳೂರಿನ ಅಣ್ಣ ಹೇಳಿದ್ದೂ ಅದನ್ನೇ ಅಲ್ವಾ.

ಬಣ್ಣದಡಬ್ಬಿ, ದಾವಣಗೆರೆ:

ಊರಿಗೆ ಹೋಗಿ ಬಂದೆ. ಭವನದ ಕಟ್ಟೆ ಮೇಲೆ ಎಲ್ಲರನ್ನೂ ಕೂರಿಸಿ ಕೇಳಿದೆ. ರಾತ್ರಿ ಊಟದ ಹೊತ್ತಾದರೂ ಯಾರೂ ಏಳಲಿಲ್ಲ.

ಹೆಣ್ಣುಮಕ್ಕಳು ಮೊದಲು ಮಾತಾಡಲೇ ಇಲ್ಲ. ಆಮೇಲೆ ಒಬ್ಬರು, ಭತ್ತದ ನಾಟಿಗೆ ಹೋಗುವವರು, ‘ನಮ್ಮನ್ನ ಬರ್ದ್ರೆ ಬಗ್ಗಿ ನಿಂತಂಗೆ ಬರೀಬೇಡ, ನೆಟ್ಟಗೆ ನಿಂತಂಗೆ ಬರಿ’ ಅಂದರು. ಎಲ್ಲರೂ ನಕ್ಕರು. ಆದರೆ ನಾನು ತಗೊಂಡು ಹೋದ ಸ್ಕೆಚ್‌ನಲ್ಲಿ ಎಲ್ಲ ಹೆಂಗಸರೂ ಬಗ್ಗಿಯೇ ಇದ್ದರು.

ಓಬವ್ವ ಬರಲಿ ಅಂತ ತೀರ್ಮಾನವಾಯಿತು. ಕೃಷ್ಣಪ್ಪನವರನ್ನು ಕಣ್ಣಾರೆ ಕಂಡವರು ಇಬ್ಬರಿದ್ದರು. ಹೆಸರು ಹೇಳಿದ ಕೂಡಲೇ ಒಪ್ಪಿದರು. ಕಿಂಗ್ ಯಾರಪ್ಪಾ ಅಂತ ಒಬ್ಬ ಅಜ್ಜ ಕೇಳಿದರು. ಅವರು 1959ರಲ್ಲಿ ಇಂಡಿಯಾಕ್ಕೆ ಬಂದಿದ್ದಾಗ ಕೇರಳದ ಒಂದು ಶಾಲೆಗೆ ಹೋದ ಕಥೆ ಹೇಳಿದೆ. ಅಲ್ಲಿ ಜಾಸ್ತಿ ಅಸ್ಪೃಶ್ಯರ ಮಕ್ಕಳೇ ಓದುತ್ತಿದ್ದರು. ಹೆಡ್ ಮಾಸ್ಟರ್ ಇವರನ್ನು ಅಮೆರಿಕದ ಅಸ್ಪೃಶ್ಯ ಅಂತ ಪರಿಚಯ ಮಾಡಿದರಂತೆ. ಕಿಂಗ್‌ಗೆ ಮೊದಲು ಸಿಟ್ಟು ಬಂತು, ಆಮೇಲೆ ಯೋಚನೆ ಮಾಡಿ ಹೌದು, ನಾನೂ ಅದೇ ಅಂದುಕೊಂಡರು. 1946ರಲ್ಲಿ ಅಂಬೇಡ್ಕರ್ ಅವರೇ ಡುಬೋಯಿಸ್‌ಗೆ ಕಾಗದ ಬರೆದಿದ್ದನ್ನೂ ಹೇಳಿದೆ. ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಬೇಕು ಅಂತ ಕೇಳಿ ಬರೆದದ್ದು. ಅಜ್ಜ ಸುಮಾರು ಹೊತ್ತು ಬೀಡಿ ಸೇದಿ, ‘ಹಂಗಾರೆ ಅವ್ರೂ ನಮ್ಮೋರೇ, ಒಂದ್ ಮೂಲೇಲಿ ನಿಲ್ಸು’ ಅಂದರು.

ಪೇಪರ್ ಕಪ್ ಮಾತ್ರ ಬೇಡ ಅಂದರು. ಒಬ್ಬರಲ್ಲ, ಎಲ್ಲ ಹಿರಿಯರೂ. ‘ನೀನು ಗೋಡೆ ಬರ್ದು ದಾವಣಗೆರೆ ಬಸ್ ಹತ್ತುತೀಯ. ನಾವು ನಾಳೆ ಅವ್ರ ಹೊಲಕ್ಕೇ ಕೂಲಿಗೆ ಹೋಗ್ಬೇಕು’ ಅಂದರು. ನನಗೆ ಏನೂ ಹೇಳಲು ಆಗಲಿಲ್ಲ.

ಸುಮ್ನೆಕೇಳ್ದೆ, ದಾವಣಗೆರೆ:

ನೋಡಿ, ನಾನು ಹೇಳಿದ್ದು ಇದನ್ನೇ. ಇರೋ ತೊಂದರೆ ಆ ಕಪ್. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಗೋಡೆಗೆ ಬಂತು.

ದುರ್ಗದಮೇಷ್ಟ್ರು, ಚಿತ್ರದುರ್ಗ:

ಒಪ್ಪುತ್ತೇನೆ. ಆದರೂ ಅವರು ಬೇಡ ಅಂದದ್ದನ್ನು ಅವರ ಗೋಡೆ ಮೇಲೆ ಬಿಡಿಸುವ ಹಕ್ಕು ಇವನಿಗಿಲ್ಲ. ಅಪಾಯ ಅವರದ್ದು. ಕಾಲೇಜಿನ ಪ್ರದರ್ಶನಕ್ಕೆ ಆ ಲೋಟ-ಕಪ್ ಕ್ಯಾನ್ವಾಸ್ ಮೇಲೆ ಬಿಡಿಸು ತಮ್ಮಾ, ಊರಿನ ಗುರುತು ಇಲ್ಲದ ಹಾಗೆ. ದಾವಣಗೆರೆಯವರು ನೋಡಲಿ. ಇಲ್ಲಿಯೂ ಅಂಥ ಹೋಟೆಲುಗಳಿಗೆ ಬರವಿಲ್ಲ.

ಗುಮಾಸ್ತ, ದಾವಣಗೆರೆ:

ಹೋಟೆಲಿನಲ್ಲಿ ಹೀಗೆ ಭೇದ ಮಾಡುವುದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲೂ, 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ಹಿರಿಯರು ಸಿದ್ಧವಿದ್ದರೆ ಮಾತ್ರ ಮುಂದಿನ ಮಾತು. ಅವರನ್ನು ಕೇಳದೆ ವಿಡಿಯೋ ಮಾಡಿ ವಾಟ್ಸಾಪಿಗೆ ಬಿಡಬೇಡಿ. ಬೇಕಾದರೆ ನನಗೆ ಖಾಸಗಿ ಮೆಸೇಜ್ ಹಾಕಿ, ಸಾಹೇಬರ ಜೊತೆ ಮಾತಾಡಿಸುತ್ತೇನೆ. ಫೀಸು ಬೇಡ.

ಯಲ್ಲಾಪುರದಕೌದಿ, ದಾವಣಗೆರೆ:

ಅಂಬೇಡ್ಕರ್ ಮುಖಕ್ಕೆ ಬಣ್ಣ ಬೆರೆಸುವ ದಿನ ಹೇಳು ತಮ್ಮಾ. ನನಗೆ ರಜ ಇದ್ದರೆ ಬಂದು ಪಕ್ಕ ಕೂರುತ್ತೇನೆ. ಗುಲಾಬಿ ಕಂಡರೆ ಕೈ ಹಿಡಿಯುತ್ತೇನೆ.

ಜಗಳೂರುಹಲಗೆ, ಜಗಳೂರು:

14ಕ್ಕೆ ನಾವು ಐದು ಜನ ಬರ್ತೀವಿ. ದುಡ್ಡಿನ ಮಾತು ಫೋನಲ್ಲೇ ಮುಗಿಸೋಣ. ಹುಲ್ಲು ನಾವೇ ತರ್ತೀವಿ, ಹಲಗೆ ಕಾಯಿಸೋಕೆ ಶಾಮಿಯಾನದಿಂದ ದೂರ ಜಾಗ ಬಿಡಿ. ವೇದಿಕೆ ಮೇಲೆ ಐದು ಕುರ್ಚಿ ಹಾಕ್ಸಿ, ಪ್ಲಾಸ್ಟಿಕ್‌ದಾದ್ರೂ ನಡೆಯುತ್ತೆ. ಸ್ಕೆಚ್ ಮಾಡೋಕೆ ಭಾನುವಾರ ಬಾ, ಬೆಳಿಗ್ಗೆ ಹತ್ತರ ಒಳಗೆ. ಆಮೇಲೆ ಮದುವೆ ಆರ್ಡರ್ ಇದೆ.